ಹಲ್ಲು ಬಿಟ್ಟ ಗೋಡೆ

ಮಾತು ಬೆಳ್ಳಿ, ಮೌನ ಬಂಗಾರ, ಕೂಗು ಶಹಾಬಾದ ಫರಸಿ ಎಂದು ಹಿರಿಯರು ಹೇಳಿದ್ದಾರೆ. ಮೊದಲೆರಡು ಹಿರಿಯರದು, ಮೂರನೆಯದು ನನ್ನದು. ಆದರೆ ನಮ್ಮ ಓಣಿಯಲ್ಲಿ ಬೆಳ್ಳಿ ಬಂಗಾರ ಕಂಡವರು ಎಷ್ಟು ಜನ? ಫರಸಿ ಕಲ್ಲು ಎಲ್ಲರ ಮನೆಯ ನೆಲದಲ್ಲೂ ಇದೆ. ಆದ್ದರಿಂದ ಕೂಗಿನ ಕಥೆಯನ್ನೇ ಹೇಳುತ್ತೇನೆ. ಇದು ನಡೆದದ್ದು. ನಾನು ಹೇಳುವ ಕಥೆಗಳಲ್ಲಿ ಅರ್ಧ ಸುಳ್ಳು ಎಂದು ನನ್ನ ಹೆಂಡತಿ ಮೈತ್ರಿ ಹೇಳುತ್ತಾಳೆ. ಇದು ಉಳಿದ ಅರ್ಧ.

ನನ್ನ ಹೆಸರು ದೇವಪುತ್ರ. ಅಫಜಲಪುರದ ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಬರುವ ತಿಥಿ ಗೊತ್ತಿಲ್ಲದವನು ಅತಿಥಿ ಎಂದು ಹುಡುಗರಿಗೆ ಪಾಠ ಹೇಳುತ್ತೇನೆ. ನಮ್ಮ ಕೆಲಸದಲ್ಲಿ ತಿಥಿ ಗೊತ್ತಿಲ್ಲದಿರುವುದು ಸಂಬಳಕ್ಕೆ. ಪಾಠಕ್ಕಿಂತ ಹೆಚ್ಚು ಹೆಸರು ಕೊಟ್ಟದ್ದು ಮಿಮಿಕ್ರಿ. ಜೇವರ್ಗಿ ಬಸ್ಸಿನ ಕಂಡಕ್ಟರು, ಹವಳಗಾದ ಸಕ್ಕರೆ ಕಾರ್ಖಾನೆಯ ಪಾಳಿ ಬದಲಿಸುವ ಭೋಂಗಾ, ನಮ್ಮ ಪ್ರಿನ್ಸಿಪಾಲರ ಕೆಮ್ಮು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಎಲ್ಲರಿಗಿಂತ ಮೊದಲು ಬಂದು ಸೇರಿದ ಬಾಡಿಗೆದಾರ ಶಾಂತಕುಮಾರ ಕಾಕಾ.

ನಮ್ಮೂರು ಜೇವರ್ಗಿ ತಾಲ್ಲೂಕಿನ ಕೊಳಕೂರ. ಊರ ಅಂಚಿನ ನಮ್ಮ ಓಣಿಯಲ್ಲಿ ಕ್ರೈಸ್ತರ ಹನ್ನೊಂದು ಮನೆ, ಒಂದು ಸಣ್ಣ ಚರ್ಚು, ಅದರ ಬೆನ್ನಿಗೆ ಖಾದರಸಾಬನ ಮನೆ. ಹಳ್ಳ ದಾಟಿದರೆ ನಮ್ಮ ಸಮಾಧಿಗಳ ಜಾಗ. ಶಾಂತಕುಮಾರ ಕಾಕಾ ಗೌಂಡಿ. ಓಣಿಯ ಅರ್ಧ ಗೋಡೆಗಳೂ ಹಳ್ಳದಾಚೆಯ ಮುಕ್ಕಾಲು ಗೋರಿಗಳೂ ಅವರ ಕೈಯವೇ. ಶಾಂತಿ ಅವರ ಹೆಸರಿನಲ್ಲಿ ಮಾತ್ರ ಇತ್ತು. ಉಸುಕು ಸಿಮೆಂಟಿನ ಗಿಲಾಯಿ ಕಲಸುವ ಹೆಣ್ಣಾಳಿಗೆ ಅವರು “ನೀರು” ಎಂದರೆ ಪಕ್ಕದ ಹೊಲದ ಎತ್ತು ತಿರುಗಿ ನೋಡುತ್ತಿತ್ತು.

ಆ ಧ್ವನಿಗೆ ವರ್ಷಕ್ಕೊಮ್ಮೆ ನಿಜವಾದ ಕೆಲಸ ಬರುತ್ತಿತ್ತು. ಈಸ್ಟರ್ ದಿನ ಬೆಳಗಿನ ನಾಲ್ಕೂವರೆಗೆ ಕಾಕಾ ತಮ್ಮ ಮನೆಯಿಂದ ಶುರುಮಾಡಿ ಓಣಿಯ ಹನ್ನೊಂದು ಬಾಗಿಲ ಮುಂದೆ ನಿಂತು, ಆ ಮನೆಯ ಹಿರಿಯರ ಹೆಸರು ಹಿಡಿದು ಕೂಗುತ್ತಿದ್ದರು. “ಕಲ್ಲು ಸರದದ, ಏಳ್ರೀ!” ಯೇಸುವಿನ ಗೋರಿಗೆ ಮುಚ್ಚಿದ್ದ ಕಲ್ಲು ಸರಿದಿದೆ ಎಂಬ ಸುದ್ದಿ ಅದು. ಆ ಕೊನೆಯ ‘ರೀ’ ಗಾಳಿಪಟದ ಹಾಗೆ ಮೇಲೇರಿ ಬೇವಿನ ಮರದ ತುದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಳಗಿನವರು ಎದ್ದು ಕೂತರೆ ಸಾಲದು, ಬಾಗಿಲು ತೆರೆಯುವ ಮೊದಲು ಉತ್ತರ ಕೊಡಬೇಕು: “ಸರದದ, ಎದ್ದೀವಿ!” ಉತ್ತರ ಬರುವವರೆಗೆ ಕಾಕಾ ಕದಲುವವರಲ್ಲ. ಆಮೇಲೆ ಎಲ್ಲರೂ ಮಂಡಕ್ಕಿ ಸುಸಲಾದ ಬುಟ್ಟಿ, ಚಹಾದ ಕಿಟ್ಲಿ ಹಿಡಿದು ಹಳ್ಳ ದಾಟಿ ಹೋಗಿ, ಸೂರ್ಯ ಹುಟ್ಟುವಾಗ ಸಮಾಧಿಗಳ ನಡುವೆ ನಿಂತು ಕೊನೆಯ ಕೂಗು ಕೇಳಬೇಕು.

ಆ ವರ್ಷ ಯಾವುದಾದರೂ ಮನೆಯಲ್ಲಿ ಸಾವಾಗಿದ್ದರೆ ಅಲ್ಲಿ ಎರಡು ಕೂಗು. ಮೊದಲು ಇದ್ದವರಿಗೆ, ಆಮೇಲೆ ಸತ್ತವರ ಹೆಸರು ಹಿಡಿದು. ನನ್ನ ಅಪ್ಪ ತೀರಿಕೊಂಡಾಗ ನನಗೆ ಹದಿನಾರು. ಆ ಈಸ್ಟರಿಗೆ ನಮ್ಮ ಬಾಗಿಲಲ್ಲಿ ಕಾಕಾ ಕೂಗಿದರು: “ಸಮುವೇಲಪ್ಪಾ, ಕಲ್ಲು ಸರದದ, ಏಳ್ರೀ!” ಅವ್ವ ಒಳಗೆ ಗೋಡೆಗೆ ಆತು ಕೂತಿದ್ದಳು. ನಾನು ಅವಳ ಮುಖ ನೋಡಿದೆ. ತಿಂಗಳುಗಟ್ಟಲೆ ಮಾತಾಡದಿದ್ದವಳು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು, “ಸರದದ, ಏಳ್ತಾರ!” ಅವತ್ತಿನಿಂದ ಅವಳು ಒಲೆ ಹೊತ್ತಿಸಿದಳು.

ಈ ಕೂಗನ್ನು ನಾನು ಕದ್ದದ್ದು ಅದಕ್ಕೂ ಮೊದಲು, ಹನ್ನೊಂದನೇ ವಯಸ್ಸಿನಲ್ಲಿ. ಶುಭ ಶುಕ್ರವಾರದ ಉಪವಾಸ ಮುಗಿದ ಮರುದಿನ, ಅಂದರೆ ಶನಿವಾರವೇ, ಬೆಳಗಿನ ನಾಲ್ಕೂವರೆಗೆ ಓಣಿಯಲ್ಲಿ ನಿಂತು ಕಾಕಾನ ಧ್ವನಿಯಲ್ಲಿ ಕೂಗಿಬಿಟ್ಟೆ. ಹನ್ನೊಂದರಲ್ಲಿ ಏಳು ಮನೆಯವರು ನಿದ್ದೆಗಣ್ಣಲ್ಲಿ “ಸರದದ, ಎದ್ದೀವಿ!” ಎಂದರು. ಮೂರು ಮನೆಯವರು ಕಿಟ್ಲಿ ಹಿಡಿದು ಹಳ್ಳದವರೆಗೂ ಹೋದರು. ಅಲ್ಲಿ ಗೋರಿಗಳಿಗೆ ಇನ್ನೂ ಸುಣ್ಣ ಬಳಿದಿಲ್ಲ ಎಂದು ಕಂಡಾಗಲೇ ಅವರಿಗೆ ವಾರದ ಲೆಕ್ಕ ಹತ್ತಿದ್ದು. ನನ್ನನ್ನು ಕಿವಿ ಹಿಡಿದು ಕಾಕಾನ ಮುಂದೆ ನಿಲ್ಲಿಸಿದರು.

“ಏನ್ಲೇ ದೇವ್ಯಾ, ಮೂರನೇ ದಿನ ಏಳೋ ದೇವರನ್ನ ಎರಡನೇ ದಿನಾನೇ ಎಬ್ಬಿಸಿದೆಲ್ಲೋ. ಅವಸರ ಏನಿತ್ತು ನಿಂಗ?”

“ತಪ್ಪಾತ್ರಿ ಕಾಕಾ.”

“ತಪ್ಪು ಅದಲ್ಲ. ಗಂಟಲಿಂದ ಕೂಗೀದಿ. ಹೊಟ್ಟಿಯಿಂದ ಕೂಗಬೇಕು. ಎಲ್ಲಿ, ಮತ್ತೊಮ್ಮೆ ಕೂಗು.”

ಹೊಡೆತಕ್ಕೆ ಬಂದವನಿಗೆ ಪಾಠವಾಯಿತು. ಅವತ್ತು ಅವರು ಚರ್ಚಿನ ಮೂಡಣ ಗೋಡೆಗೆ ನೀರು ಹಾಕುತ್ತಿದ್ದರು. ಆ ಗೋಡೆಯ ವಿಷಯ ಹೇಳಲೇಬೇಕು. ಮುಂದೆ ಎಂದಾದರೂ ಇನ್ನೊಂದು ಕೋಣೆ ಕೂಡಿಸುವುದಿದ್ದರೆ ಗೌಂಡಿಗಳು ಗೋಡೆಯ ತುದಿಯನ್ನು ಸಪಾಟಾಗಿ ಮುಗಿಸುವುದಿಲ್ಲ. ಒಂದು ಸಾಲು ಬಿಟ್ಟು ಒಂದು ಸಾಲಿನ ಇಟ್ಟಂಗಿ ಹೊರಗೆ ಚಾಚಿ ಬಿಡುತ್ತಾರೆ, ಬರುವ ಗೋಡೆ ಅಲ್ಲಿ ಕಚ್ಚಿಕೊಳ್ಳಲಿ ಎಂದು. ಅದಕ್ಕೆ ಹಲ್ಲು ಬಿಡುವುದು ಎನ್ನುತ್ತಾರೆ. ಸಂಡೇ ಸ್ಕೂಲಿನ ಕೋಣೆಗೆಂದು ಕಾಕಾ ಬಿಟ್ಟ ಹಲ್ಲುಗಳು ನಾನು ಹುಟ್ಟಿದಾಗಿನಿಂದ ಹಾಗೇ ಇದ್ದವು. ಕೋಣೆ ಬರಲಿಲ್ಲ. ಹಲ್ಲುಗಳ ಸಂದಿಯಲ್ಲಿ ಗುಬ್ಬಿಗಳು ಮೂರು ತಲೆಮಾರು ಸಂಸಾರ ಮಾಡಿದವು. ಕಾಕಾ ಮಾತ್ರ ಪ್ರತಿ ಬೇಸಿಗೆ ಬ್ರಷ್ಷಿನಿಂದ ಅವನ್ನು ಉಜ್ಜಿ, ತಂಬಿಗೆಯಲ್ಲಿ ನೀರು ಹಾಕುತ್ತಿದ್ದರು. ಯಾಕೆಂದು ಕೇಳಿದೆ.

“ಒಣಗಿದ ಇಟ್ಟಂಗಿ ಸಿಮೆಂಟ್ ಹಿಡಿಯಂಗಿಲ್ಲಲೇ. ನಾಳಿ ಕ್ವಾಣಿ ಕಟ್ಟೋರು ಬಂದ್ರ?”

“ಬರ್ತಾರೇನ್ರಿ?”

“ನಿರೀಕ್ಷಾ ಅಂದ್ರ ಜೇವರ್ಗಿ ಸ್ಟ್ಯಾಂಡಿನ್ಯಾಗ ಬಸ್ಸಿಗಿ ಕುಂತಂಗಲ್ಲ. ಕೈಯಾಗ ತಂಬಿಗಿ ಇರಬೇಕು. ಹಾಂ, ಕೂಗು ಈಗ. ಹೊಟ್ಟಿಯಿಂದ!”

ನಾನು ಆ ಹಲ್ಲು ಬಿಟ್ಟ ಗೋಡೆಯ ಮುಂದೆ ನಿಂತು, ನಾನೂ ಹಲ್ಲು ಬಿಡುತ್ತ, ಬೇಸಿಗೆಯ ರಜೆಯೆಲ್ಲ ಕೂಗಿದೆ. ಇವತ್ತಿಗೂ ಒದ್ದೆ ಇಟ್ಟಂಗಿಯ ವಾಸನೆ ಬಂದರೆ ನನ್ನ ಗಂಟಲು ತಾನೇ ಸರಿಹೋಗುತ್ತದೆ.

ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ ಕಾಕಾನ ಗಂಟಲಿನ ಗಡ್ಡೆ ತೆಗೆದರು. ಗಡ್ಡೆಯ ಜೊತೆ ಧ್ವನಿಯೂ ಹೋಯಿತು. ಪಿಸುಮಾತೂ ಅಲ್ಲ, ಬರೀ ಗಾಳಿ. “ನರ ಸೋತಿದೆ. ವರ್ಷದೊಳಗೆ ತಿರುಗಿ ಬರಬಹುದು, ಬರದೆಯೂ ಇರಬಹುದು” ಎಂದರು ಡಾಕ್ಟರು. ಜಯಮಾಲಾ ಕಾಕಿಗೆ ಎರಡೂ ಮಾತು ಕೇಳಿಸಿದವು. ಕಾಕಾಗೆ ಮೊದಲನೆಯದು ಮಾತ್ರ ಕೇಳಿಸಿತು. ಮೊಮ್ಮಗಳ ಪಾಟಿ ಬಳಪ ಕೊರಳಿಗೆ ನೇತುಹಾಕಿಕೊಂಡು ಕೆಲಸಕ್ಕೆ ಹೊರಟರು. ದಿನಾ ಬೆಳಿಗ್ಗೆ ಹಳ್ಳದ ದಂಡೆಗೆ ಹೋಗಿ ಬಾಯಿ ತೆರೆದು ಕೂಗುವರು. ಸದ್ದಿಲ್ಲ. ತಿರುಗಿ ಬರುವಾಗ ಚರ್ಚಿನ ಹಲ್ಲುಗಳಿಗೆ ಒಂದು ತಂಬಿಗೆ ನೀರು.

ಒಂಬತ್ತು ತಿಂಗಳಾಯಿತು. ಈಸ್ಟರಿಗೆ ಒಂದು ವಾರ ಮೊದಲು, ಗರಿಗಳ ಭಾನುವಾರದ ಆರಾಧನೆ ಮುಗಿದ ಮೇಲೆ, ಜೇವರ್ಗಿಯಿಂದ ಬಂದಿದ್ದ ಪಾಸ್ಟರ್ ಸಾಹೇಬರು ಮೆಲ್ಲಗೆ ಮಾತು ತೆಗೆದರು. “ಕಾಕಾ, ಈ ಸರ್ತಿ ಚರ್ಚಿನ ಮ್ಯಾಲ ಮೈಕ್ ಹಚ್ಚೋಣ್ರಿ. ನಿಮ್ಮ ಹಳೇ ಕೂಗು ಯಾರದಾರ ಮೊಬೈಲಿನ್ಯಾಗ ಇದ್ದೇ ಇರ್ತದ.”

ಕಾಕಾ ಪಾಟಿಯ ಮೇಲೆ ಬರೆದರು: ‘ನಾನೇ ಕೂಗ್ತೇನಿ.’

“ಧ್ವನಿ ಬರಲಿಲ್ಲಂದ್ರ?”

ಅಳಿಸಿ ಬರೆದರು: ‘ಬಾಯಿ ತೆರಿಯೋದು ನನ್ನ ಕೆಲಸ.’

“ದೇವಪುತ್ರ ನಿಮ್ಮಂಗೇ ಕೂಗ್ತಾನಲ್ಲ, ಅವಂಗರ ಕೊಡ್ರಿ.”

ಕಾಕಾ ನನ್ನ ಕಡೆ ನೋಡಿ ನಕ್ಕು, ಪಾಟಿಯ ಮೇಲೆ ಒಂದೇ ಅಕ್ಷರ ಬರೆದರು: ‘ಊಂಹೂಂ.’ ಒಂದೇ ಅಕ್ಷರ ಎಂದೆನಲ್ಲ, ಕನ್ನಡ ಮೇಷ್ಟರು ಎರಡು ಎಂದು ತಿದ್ದಿಕೊಳ್ಳಲಿ.

ಕೊನೆಗೆ ಹೀಗೆ ತೀರ್ಮಾನವಾಯಿತು: ಕಾಕಾ ಮೊದಲು ಹೋಗಲಿ. ಮೂರು ಬಾಗಿಲು ಸುಮ್ಮನಿದ್ದರೆ ಮೈಕು ಹಾಕುವುದು. ಒಮ್ಮೆ ಮೈಕು ಬಂತೆಂದರೆ ಮುಂದೆ ಯಾರೂ ಬಾಗಿಲು ಬಾಗಿಲಿಗೆ ಬಂದು ಹೆಸರು ಹಿಡಿದು ಕರೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವ್ವ ಮನೆಗೆ ಬಂದು ಚಪ್ಪಲಿ ಬಿಡುವಾಗ ಅಂದಳು, “ಮೈಕಿಗಿ ಏನು ಉತ್ತರ ಕೊಡೋದೋ ಯಪ್ಪಾ? ಅದಕ್ಕ ಕೇಳಸ್ತದೇನು?”

ಅಲ್ಲಿ ಹುಟ್ಟಿತು ನನ್ನ ಕಿತಾಪತಿ. ಅದರಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಚೇಷ್ಟೆ ಎಂದು ನನ್ನನ್ನು ಕೇಳಬೇಡಿ. ಗಿಲಾಯಿ ಒಮ್ಮೆ ಕಲಸಿದ ಮೇಲೆ ಉಸುಕು ಬೇರೆ ಸಿಮೆಂಟು ಬೇರೆ ಮಾಡಲಾಗುವುದಿಲ್ಲ.

ಆ ವರ್ಷ ಈಸ್ಟರು ರಂಜಾನಿನ ನಡುವೆ ಬಂದಿತ್ತು. ಬೆಳಗಿನ ಜಾವ ಖಾದರಸಾಬ ಡಬ್ಬಿ ಬಾರಿಸುತ್ತ ಉಪವಾಸದ ಮುಂಚಿನ ಸಹರಿ ಊಟಕ್ಕೆ ಎಬ್ಬಿಸಿ ಹೋಗಿದ್ದ, ಅವನ ಮನೆಯ ಹಿಂದಿನ ಓಣಿಯಲ್ಲೆಲ್ಲ ರೊಟ್ಟಿ ಬಡಿಯುವ ಸದ್ದು. ನಾನು ಕಿಟ್ಲಿ ಹಿಡಿದು ಮುಂದೆ ಹೋಗುತ್ತೇನೆಂದು ಅವ್ವನಿಗೆ ಹೇಳಿ, ಕಾಕಾನ ಮನೆಯೆದುರಿನ ತೊಗರಿಕಟ್ಟಿಗೆಯ ಬಣವೆಯ ಹಿಂದೆ ಕೂತೆ.

ಕಾಕಾ ಹೊರಬಂದರು. ಇಸ್ತ್ರಿ ಮಾಡಿದ ಧೋತರ, ಹೊಸ ಚಪ್ಪಲಿ, ಕೊರಳಲ್ಲಿ ಪಾಟಿ. ತಮ್ಮ ಬಾಗಿಲ ಕಡೆ ತಿರುಗಿ ಎದೆ ತುಂಬ ಉಸಿರೆಳೆದು ಬಾಯಿ ತೆರೆದರು. ನಾನು ಹೊಟ್ಟೆಯಿಂದ ಕೂಗಿದೆ:

“ಜಯಮಾಲಾ, ಕಲ್ಲು ಸರದದ, ಏಳ್ರೀ!”

‘ರೀ’ ಬೇವಿನ ತುದಿಗೆ ಹೋಗಿ ಸಿಕ್ಕಿಕೊಂಡಿತು. ಕಾಕಾ ಕಲ್ಲಾಗಿ ನಿಂತರು. ಬಾಯಿ ತೆರೆದೇ ಇತ್ತು. ಮೆಲ್ಲಗೆ ಕೈ ಎತ್ತಿ ಗಂಟಲು ಮುಟ್ಟಿಕೊಂಡರು. ಆಕಾಶ ನೋಡಿದರು. ಒಳಗಿನಿಂದ ಕಾಕಿಯ ಉತ್ತರ ಬಂತು, ಬಾಗಿಲು ತೆರೆಯಿತು. ಕಾಕಾ ಪಾಟಿಯ ಮೇಲೆ ಏನೋ ಬರೆದು ತೋರಿಸಿದರು. ಕಾಕಿ ಟಾರ್ಚು ಹಿಡಿದು ಓದಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಬಾಗಿಲಿಗೆ ಒರಗಿದರು. ಅವರ ಭುಜ ಕುಲುಕುತ್ತಿತ್ತು.

ಅಯ್ಯೋ, ಅಳುತ್ತಿದ್ದಾರೆ ಎಂದುಕೊಂಡೆ. ಆಗಷ್ಟೇ ನನಗೆ ನಾನು ಮಾಡಿದ್ದೇನು ಎಂದು ಹೊಳೆದದ್ದು. ಅವರು ನಗುತ್ತಾರೆ, ತಿರುಗಿ ಬೈಯುತ್ತಾರೆ ಎಂದುಕೊಂಡಿದ್ದೆ. ಆ ಮನುಷ್ಯ ಒಂಬತ್ತು ತಿಂಗಳಿನಿಂದ ಇದೇ ಕ್ಷಣಕ್ಕೆ ಇಟ್ಟಂಗಿಗೆ ನೀರು ಹಾಕುತ್ತ ಕಾದವರು. ಧ್ವನಿ ಬಂತೆಂದು ನಂಬಿಬಿಟ್ಟಿದ್ದರು.

ಎದ್ದು ಹೋಗಿ ಹೇಳಿಬಿಡಬೇಕು. ಅಷ್ಟರಲ್ಲಿ ಕಾಕಾ ಎರಡನೇ ಬಾಗಿಲಿಗೆ ನಡೆದು ಬಾಯಿ ತೆರೆದೇ ಬಿಟ್ಟರು. ಸುಮ್ಮನಿದ್ದರೆ ಅವರ ಎದೆ ಒಡೆಯುತ್ತದೆ, ಕೂಗಿದರೆ ಸುಳ್ಳು ಇನ್ನೊಂದು ಮನೆಯಷ್ಟು ಬೆಳೆಯುತ್ತದೆ. ಕೂಗಿದೆ. ಮೂರನೆಯದಕ್ಕೂ ಕೂಗಿದೆ. ಗೋಡೆಯಿಂದ ಗೋಡೆಗೆ, ಬಣವೆಯಿಂದ ಬಂಡಿಗೆ ಬೆಕ್ಕಿನ ಹಾಗೆ ಹಾರುತ್ತ ಬೆವೆತು ಹೋದೆ. ಕೂಗು ಕೇಳಿ ಖಾದರಸಾಬ ಡಬ್ಬಿ ಸಮೇತ ಓಡಿ ಬಂದ.

“ಯಾ ಅಲ್ಲಾ! ಆವಾಜ್ ಬಂತೇನೋ ಶಾಂತೂ!” ಎಂದು ಕಾಕಾನನ್ನು ಅಪ್ಪಿಕೊಂಡ. ಕಾಕಾ ಅವನ ಬೆನ್ನು ತಟ್ಟಿ ಪಾಟಿ ಮುಂದೆ ಹಿಡಿದರು. ಖಾದರಸಾಬ ಓದಿದ, ಕಟ್ಟೆಯ ಮೇಲೆ ಕುಸಿದು ಕೂತ, ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡ. ಅವನೂ ಅಳುತ್ತಿದ್ದಾನೆ. ಚರ್ಚಿನ ಹಿಂದಿನ ಮನೆಯಿಂದ ಅವನ ಹೆಂಡತಿ ಕರೀಮುನ್ನಿಸಾ ಕರೆದಳು, “ಅಜೀ, ಕಾಕಾನ ಕೂಗಾತು, ಇನ್ನ ನೀರು ಕುಡದು ಮುಗಸ್ರಿ, ಟೈಮ್ ಇಲ್ಲ!” ಮೂರು ವರ್ಷದಿಂದ ರಂಜಾನು ಈಸ್ಟರು ಕೂಡಿ ಬಂದು, ಆ ಒಂದು ಬೆಳಿಗ್ಗೆ ಅವರ ಮನೆಯ ಗಡಿಯಾರವೂ ಕಾಕಾನೇ ಆಗಿದ್ದರು.

ಆರನೆಯದು ನಮ್ಮ ಬಾಗಿಲು. ನಾನು ನಮ್ಮದೇ ದನದ ಕೊಟ್ಟಿಗೆಯಲ್ಲಿ ಅಡಗಿ ಅವ್ವನ ಹೆಸರು ಹಿಡಿದು ಕೂಗಿದೆ. ಉತ್ತರ ಬಂತು. ಆ ವರ್ಷ ನಮ್ಮ ಮನೆಯಲ್ಲಿ ಸಾವಾಗಿರಲಿಲ್ಲ, ಕಾಕಾ ಮುಂದೆ ಹೋಗಬೇಕಿತ್ತು. ಹೋಗಲಿಲ್ಲ. ಎರಡನೇ ಸಲ ಉಸಿರೆಳೆದು, ಕೈಯನ್ನು ಹಳ್ಳದಾಚೆಗೆ ಚಾಚಿ, ಬಾಯಿ ತೆರೆದರು. ತೆರೆದ ಬಾಯಿ ಮುಚ್ಚಲೇ ಇಲ್ಲ. ಕಾಯುತ್ತಿದ್ದರು.

ಅಪ್ಪನ ಹೆಸರನ್ನು ನಾನು ಜನ್ಮದಲ್ಲಿ ಗಟ್ಟಿಯಾಗಿ ಕರೆದವನಲ್ಲ. “ಸಮುವೇಲಪ್ಪಾ” ಎಂದೆ. ಅಷ್ಟಕ್ಕೇ ಗಂಟಲು ಒಡೆಯಿತು. ಉಳಿದದ್ದು ಕಾಕಾನ ಧ್ವನಿಯೋ ನನ್ನದೋ ನನಗೆ ಗೊತ್ತಾಗಲಿಲ್ಲ. “ಕಲ್ಲು ಸರದದ, ಏಳ್ರೀ!”

ಒಳಗಿನಿಂದ ಅವ್ವ, ಅಪ್ಪ ತೀರಿಕೊಂಡ ಆ ವರ್ಷದಷ್ಟೇ ಗಟ್ಟಿಯಾಗಿ: “ಸರದದ, ಏಳ್ತಾರ!”

ಉಳಿದ ಐದು ಬಾಗಿಲು ಹೇಗೆ ಮುಗಿಸಿದೆನೋ ನೆನಪಿಲ್ಲ. ಕೊನೆಯ ಮನೆಯ ಸುಭದ್ರಾಬಾಯಿ ಓಣಿಗೆಲ್ಲ ಹಿರಿಯಾಕೆ, ತೊಂಬತ್ತರ ಹತ್ತಿರ. ಕಣ್ಣು ಮಂದ, ಬಾಯಿ ಚುರುಕು. “ಏ ಶಾಂತೂ, ಧ್ವನಿ ತಿರುಗಿ ಬರೂ ಹೊತ್ತಿಗಿ ವಯಸ್ಸು ಇಪ್ಪತ್ತು ಕಡಿಮಿ ಮಾಡ್ಕೊಂಡು ಬಂದದಲ್ಲೋ!” ಎಂದು ಕೋಲೂರಿ ಹೊರಬಂದಳು.

ಎಲ್ಲರಿಗಿಂತ ಮೊದಲು ಹಳ್ಳ ದಾಟಿ ಓಡಿದೆ. ಕೊನೆಯ ಕೂಗೊಂದು ಬಾಕಿ ಇತ್ತು. ಅದು ಮುಗಿದ ಮೇಲೆ ಕಾಕಾನ ಕಾಲು ಹಿಡಿಯುವುದು ಎಂದು ನಿಶ್ಚಯಿಸಿ, ಅಡಗಲು ಎತ್ತರದ ಗೋರಿಯೊಂದನ್ನು ನೋಡಿ ಅದಕ್ಕೆ ಅವಚಿ ಕೂತೆ. ಶನಿವಾರ ಸಂಜೆ ಬಳಿದ ಸುಣ್ಣ, ಬೆವರಿನಿಂದ ತೊಯ್ದ ನನ್ನ ಅಂಗಿ. ಒಂದಕ್ಕೊಂದು ಹೇಗೆ ಕೂಡಿಕೊಂಡವು ಎಂದು ಆಗ ನೋಡಿಕೊಳ್ಳಲಿಲ್ಲ.

ಮೂಡಣ ಕೆಂಪಾಯಿತು. ಎಲ್ಲರೂ ಬಂದು ನಿಂತರು. ಪಾಸ್ಟರ್ ಸಾಹೇಬರು ಕಣ್ಣೊರೆಸಿಕೊಂಡು, “ದೇವರು ದೊಡ್ಡಾವ. ಕಾಕಾ, ಕೂಗ್ರಿ” ಎಂದರು. ಕಾಕಾ ಎರಡೂ ಕೈ ಎತ್ತಿ ಬಾಯಿ ತೆರೆದರು. ನಾನು ಶುರುಮಾಡಿದೆ, “ಕಲ್ಲು ಸರ...”

ಕಾಕಾ ಟಪ್ಪನೆ ಬಾಯಿ ಮುಚ್ಚಿದರು. ಮೇಲೆ ಬೆರಳನ್ನೂ ಇಟ್ಟುಕೊಂಡರು.

“...ದದ, ಏಳ್ರೀ!” ಎಂದು ಕೂಗು ತನ್ನಷ್ಟಕ್ಕೆ ಗೋರಿಯ ಹಿಂದಿನಿಂದ ಮುಂದುವರಿದು ಮುಗಿಯಿತು.

ಕಾಕಾ ಪಾಟಿಯನ್ನು ಕೊರಳಿಂದ ತೆಗೆದು ಕಾಕಿಯ ಕೈಗೆ ಕೊಟ್ಟರು. ಜಯಮಾಲಾ ಕಾಕಿ ಶಾಲೆಯ ಹುಡುಗಿಯ ಹಾಗೆ ಜೋರಾಗಿ ಓದಿದರು: “‘ಎಂಟು ವರ್ಷ ಆತು ನನ್ನ ಮುಂದಿನ ಹಲ್ಲು ಬಿದ್ದು. ಈ ಕೂಗಿಗಿ ಎಲ್ಲಾ ಹಲ್ಲು ಅದಾವ. ದೇವ್ಯಾ ಇಲ್ಲೇ ಎಲ್ಲೋ ಇದ್ದಾನ. ಸುಮ್ಮನಿರು, ಪೂರಾ ಕೂಗಲಿ.’ ಇದನ್ನ ನಮ್ಮ ಬಾಗಿಲಾಗೇ ಬರದಾರ! ನಗು ತಡಕೊಂಡು ತಡಕೊಂಡು ನನ್ನ ಹೊಟ್ಟಿ ಹುಣ್ಣಾತು. ಅಲ್ಲಿ ಓಣಿಯಾಗ ಆ ಖಾದರಸಾಬ ಟವೆಲ್ ಕಚ್ಚಿ ಕುಂತಾನ!”

ಹೌದು. ಮಾಳಿಗೆಗೆ ಕಟ್ಟಿದ ಅಟ್ಟಣೆಯಿಂದ ಬಿದ್ದು ಕಾಕಾ ಮುಂದಿನ ಹಲ್ಲು ಮುರಿದುಕೊಂಡ ಮೇಲೆ ಅವರ ‘ಸರದದ’ದ ಸಕಾರದಲ್ಲಿ ಸಣ್ಣ ಸೀಟಿ ಸೇರಿತ್ತು. ಎಂಟು ಈಸ್ಟರು ನಾನೇ ಕೇಳಿದ್ದೆ. ಆದರೆ ಮಿಮಿಕ್ರಿ ಮಾಡುವವನ ಕಿವಿ ಕಳ್ಳ ಕಿವಿ. ಮೊದಲು ಕದ್ದ ಮಾಲನ್ನೇ ಬಚ್ಚಿಟ್ಟುಕೊಂಡಿರುತ್ತದೆ. ನಾನು ಕೂಗಿದ್ದು ಹಲ್ಲು ಬಿಟ್ಟ ಗೋಡೆಯ ಮುಂದೆ ತಂಬಿಗೆ ಹಿಡಿದು ನಿಂತಿದ್ದ, ಆ ಬೇಸಿಗೆಯ ಕಾಕಾನನ್ನು. ಹಾಗಾದರೆ ನಮ್ಮ ಬಾಗಿಲಲ್ಲಿ ಎರಡನೇ ಸಲ ಬಾಯಿ ತೆರೆದು ಕಾದು ನಿಂತದ್ದು? ಕೂಗುವವನು ಯಾರು, ಯಾರ ಮಗ ಎಂದು ಗೊತ್ತಿದ್ದೇ ನಿಂತದ್ದು.

ಕಾಕಾ ಗೋರಿಯ ಕಡೆ ತಿರುಗಿ ಎರಡೂ ಕೈಯಿಂದ ಸನ್ನೆ ಮಾಡಿದರು: ಏಳು, ಹೊರಗ ಬಾ.

ಎದ್ದೆ. ತಲೆಯಿಂದ ಮೊಣಕಾಲವರೆಗೆ ಬೆಳ್ಳಗೆ, ಈಸ್ಟರ್ ಮುಂಜಾನೆ, ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ಗೋರಿಯ ಹಿಂದಿನಿಂದ.

“ಯೇಸಪ್ಪಾ! ನಂದೇ ಮೊದಲನೇ ನಂಬರೇನೋ!” ಎಂದು ಸುಭದ್ರಾಬಾಯಿ ಕೋಲು ಬಿಟ್ಟು ಕೈ ಮುಗಿದಳು. ಮಕ್ಕಳು ಚೀರಿದರು. ಸುಸಲಾದ ಬುಟ್ಟಿಯೊಂದು ಉರುಳಿತು. ಅವ್ವ ಕಣ್ಣು ಕಿರಿದು ಮಾಡಿ ನೋಡಿ, “ಸುಣ್ಣದಾಗ ಅದ್ದಿದಂಗ ಇದ್ದಾನ, ಇದು ನಂದೇ ಕೂಸು” ಎಂದಳು. ಅಷ್ಟೇ, ಕಟ್ಟೆ ಒಡೆದ ಹಾಗೆ ಎಲ್ಲರೂ ನಕ್ಕರು. ಪಾಸ್ಟರ್ ಸಾಹೇಬರು ಗೋರಿ ಹಿಡಿದುಕೊಂಡು ನಕ್ಕರು. ನಾಚಿಕೆಯಿಂದ ನಾನೂ ನಕ್ಕೆ.

ಆ ನಗುವಿನೊಳಗೆ ಇನ್ನೊಂದು ನಗು ಕೇಳಿತು. ಒರಟಾದದ್ದು, ಒಣ ಗೋಡೆಯ ಮೇಲೆ ಗೌಂಡಿಯ ಕರಣಿ ಎಳೆದಂತೆ ಗರಗರ ಎನ್ನುವಂಥದ್ದು, ಒಮ್ಮೆ ಕಡಿದು ಮತ್ತೆ ಹತ್ತಿಕೊಳ್ಳುವಂಥದ್ದು. ಯಾರದೆಂದು ಎಲ್ಲರೂ ತಿರುಗಿ ನೋಡಿದೆವು. ಒಬ್ಬೊಬ್ಬರಾಗಿ ನಗು ನಿಲ್ಲಿಸಿದೆವು. ಅದು ನಿಲ್ಲಲಿಲ್ಲ, ದೊಡ್ಡದಾಯಿತು. ಜಯಮಾಲಾ ಕಾಕಿಯ ಕೈಯಿಂದ ಪಾಟಿ ಜಾರಿ ಬಿತ್ತು. ಆ ನಗುವಿನ ಪ್ರತಿ ಎಳೆತದ ತುದಿಗೆ, ಮುಂದಿನ ಹಲ್ಲಿಲ್ಲದ ಸಂದಿಯಿಂದ, ಸಣ್ಣದೊಂದು ಸೀಟಿ ಬರುತ್ತಿತ್ತು. ಕಾಕಾ ಹೊಟ್ಟೆ ಹಿಡಿದುಕೊಂಡು, ನನ್ನತ್ತ ಬೆರಳು ತೋರಿಸುತ್ತ, ಹಳ್ಳದಾಚೆಯ ಓಣಿಗೂ ಕೇಳುವ ಹಾಗೆ ನಗುತ್ತಲೇ ಇದ್ದರು.